ವಾಚನಾಲಯದ ಎಂಟು ಕಂಪ್ಯೂಟರ್, ವಿಂಡೋಸ್ 11: ಲೈಸೆನ್ಸ್ ಕೆಲಸ ಎಲ್ಲಿಗೆ ಬಂತು

ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಎಂಟು ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ವಿಂಡೋಸ್ 10 ಇತ್ತು. ಅದರ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೊಸದನ್ನು ಹಾಕುವುದು ದೊಡ್ಡ ಕೆಲಸವಲ್ಲ. ಯಾವ ಯಂತ್ರಕ್ಕೆ ಯಾವ ಲೈಸೆನ್ಸ್ ಇದೆ, ಅದು ನಿಜಕ್ಕೂ ನಮ್ಮದೇ ಎಂದು ತಿಳಿಯದೆ ಡಿಸ್ಕ್ ಅಳಿಸಿದರೆ ಮಾತ್ರ ಕೈಸುಟ್ಟುಕೊಳ್ಳುವುದು ಖಂಡಿತ.

ಮೊದಲ ಹಂತ: ಏನನ್ನೂ ಮುಟ್ಟದೆ ಬರೆದುಕೊಳ್ಳುವುದು

ಪ್ರತಿ ಯಂತ್ರದಲ್ಲಿ ಮೂರು ಸಂಗತಿ ನೋಡಿ ರಿಜಿಸ್ಟರಿಗೆ ಹಾಕಿದೆವು. ಒಂದು, ಎಡಿಶನ್: ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ, ಎಂಟರ್‌ಪ್ರೈಸ್ ಇವುಗಳಲ್ಲಿ ಯಾವುದು. ಎರಡು, ಲೈಸೆನ್ಸಿನ ಚಾನೆಲ್, ಅಂದರೆ ಅದು ಬಂದ ದಾರಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್ಎಲ್ಎಂಜಿಆರ್ ಕಮಾಂಡಿಗೆ /ಡಿಎಲ್‌ವಿ ಸೇರಿಸಿ ಕೊಟ್ಟರೆ ಬರುವ ಪೆಟ್ಟಿಗೆಯಲ್ಲಿ ರೀಟೇಲ್ (ಬಿಡಿಯಾಗಿ ಕೊಂಡದ್ದು), ಓಇಎಂ (ಯಂತ್ರದ ಜೊತೆಗೇ ಬಂದದ್ದು) ಅಥವಾ ವಾಲ್ಯೂಮ್ (ಸಂಸ್ಥೆಗಳು ಸಗಟಾಗಿ ಕೊಂಡದ್ದು) ಎಂದಿರುತ್ತದೆ. ಕೀಯ, ಅಂದರೆ ಲೈಸೆನ್ಸಿನ ಗುರುತಿನ ಸಂಕೇತದ, ಕೊನೆಯ ಐದು ಅಕ್ಷರವೂ ಅಲ್ಲೇ ಸಿಗುತ್ತದೆ. ಮೂರು, ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ (ಬೋರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಕಂಪನಿಯವರೇ ಬರೆದಿಟ್ಟ ಕೀ ಇದೆಯೇ ಎಂಬುದು. ಪವರ್‌ಶೆಲ್‌ನಲ್ಲಿ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಕ್ಲಾಸಿನ ಓಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ ಕೇಳಿದರೆ ಇಪ್ಪತ್ತೈದು ಅಕ್ಷರದ ಕೀ ಬರುತ್ತದೆ, ಇಲ್ಲದಿದ್ದರೆ ಖಾಲಿ ಸಾಲು. ಅದೇ ಹೆಸರಿನ ಕೊನೆಗೆ ಡಿಸ್ಕ್ರಿಪ್ಶನ್ ಎಂದು ಸೇರಿಸಿ ಕೇಳಿದರೆ ಆ ಕೀ ಯಾವ ಎಡಿಶನ್ನಿನದು ಎಂದೂ ಗೊತ್ತಾಗುತ್ತದೆ. ಹಳೆಯ ಸಲಹೆಗಳಲ್ಲಿರುವ ಡಬ್ಲ್ಯುಎಂಐಸಿ ಕಮಾಂಡ್ ಹೊಸ ವಿಂಡೋಸ್ 11ರಲ್ಲಿ ಸಿಗದಿರಬಹುದು, ಪವರ್‌ಶೆಲ್ ದಾರಿಯೇ ಸರಿ.

ಸೆಟ್ಟಿಂಗ್ಸ್‌ನಲ್ಲಿ ‘ಆಕ್ಟಿವ್’ ಎಂದು ಕಂಡ ಮಾತ್ರಕ್ಕೆ ನಂಬಬಾರದು ಎನ್ನುವುದು ಮುಂದಿನ ಹಂತದ ನಾಲ್ಕು ಯಂತ್ರಗಳಲ್ಲಿ ಸಾಬೀತಾಯಿತು.

ಎರಡನೇ ಹಂತ: ಲ್ಯಾಮಿಂಗ್ಟನ್ ರೋಡಿನ ನಾಲ್ಕು

ನಾಲ್ಕು ಡೆಲ್ ಆಪ್ಟಿಪ್ಲೆಕ್ಸ್ 3060, ಐ5-8500 ಪ್ರೊಸೆಸರ್, 8 ಜಿಬಿ ರ‍್ಯಾಮ್. ಯಾವುದೋ ಆಫೀಸಿನಿಂದ ಹೊರಬಿದ್ದು ಮುಂಬೈಯ ಲ್ಯಾಮಿಂಗ್ಟನ್ ರೋಡಿನ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಅಂಗಡಿಯೊಂದರ ಮೂಲಕ ಬಂದವು. ಎಂಟನೇ ತಲೆಮಾರಿನ ಇಂಟೆಲ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆ, ಹಾಗಾಗಿ 11ಕ್ಕೆ ಅರ್ಹ. ಆದರೆ ಒಳಗಿದ್ದದ್ದು ವಿಂಡೋಸ್ 10 ಎಂಟರ್‌ಪ್ರೈಸ್, ಚಾನೆಲ್ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’.

ಕೆಎಂಎಸ್ ಎಂದರೆ ದೊಡ್ಡ ಕಂಪನಿಗಳು ತಮ್ಮ ನೆಟ್‌ವರ್ಕಿನೊಳಗೆ ಇಟ್ಟುಕೊಳ್ಳುವ ಆಕ್ಟಿವೇಶನ್ (ಲೈಸೆನ್ಸ್ ದೃಢೀಕರಿಸುವ) ಸರ್ವರ್. ಕನಿಷ್ಠ 25 ಕಂಪ್ಯೂಟರ್ ಕೇಳಿದ ಮೇಲಷ್ಟೇ ಅದು ವಿಂಡೋಸ್ ಆಕ್ಟಿವೇಟ್ ಮಾಡಲು ಶುರುಮಾಡುತ್ತದೆ. ಸಿಕ್ಕ ಆಕ್ಟಿವೇಶನ್ 180 ದಿನ ನಡೆಯುತ್ತದೆ, ಕಂಪ್ಯೂಟರ್ ಏಳು ದಿನಕ್ಕೊಮ್ಮೆ ನವೀಕರಣಕ್ಕೆ ಯತ್ನಿಸುತ್ತದೆ. ಆ ಕಂಪನಿಯ ಗೋಡೆ ದಾಟಿ ಬಂದ ಯಂತ್ರಕ್ಕೆ ಸರ್ವರ್ ಸಿಗುವುದಿಲ್ಲ. ಅವಧಿ ಮುಗಿದಾಗ 0ಎಕ್ಸ್‌ಸಿ004ಎಫ್074 ಎಂಬ ದೋಷ ಕಾಣುತ್ತದೆ.

ಇವುಗಳಲ್ಲಿ ಒಂದು ಯಂತ್ರದ ಸ್ಥಿತಿ ಬೇರೆ. /ಡಿಎಲ್‌ವಿ ಪೆಟ್ಟಿಗೆಯಲ್ಲಿ ಉಳಿದ ಅವಧಿ 259200 ನಿಮಿಷದ ಹತ್ತಿರ, ಅಂದರೆ ಆಗತಾನೇ ನವೀಕರಣವಾದ ಪೂರ್ತಿ 180 ದಿನ. ಸರ್ವರ್ ವಿಳಾಸದ ಜಾಗದಲ್ಲಿ 127ರಿಂದ ಶುರುವಾಗುವ ಅಂಕಿ, ಎಂದರೆ ಅದೇ ಕಂಪ್ಯೂಟರ್. ಒಳಗೇ ನಕಲಿ ಸರ್ವರ್ ಕೂರಿಸಿದ ಕ್ರ್ಯಾಕ್ ಇದು. ಟಾಸ್ಕ್ ಶೆಡ್ಯೂಲರಿನಲ್ಲಿ ಅದರ ಕೆಲಸ ನಿಯಮಿತವಾಗಿ ಓಡುತ್ತಿತ್ತು, ಡಿಫೆಂಡರ್‌ನ ಎಕ್ಸ್‌ಕ್ಲೂಶನ್ ಪಟ್ಟಿಯಲ್ಲಿ ಒಂದು ಇಡೀ ಫೋಲ್ಡರ್ ಸೇರಿತ್ತು. ಆ್ಯಂಟಿವೈರಸ್ ಕಣ್ಣು ಹಾಯಿಸದ ಆ ಫೋಲ್ಡರಿನೊಳಗೆ ನಾಳೆ ಯಾರು ಏನು ಇಟ್ಟರೂ ತಿಳಿಯುವುದಿಲ್ಲ. ಹಿರಿಯರು ಬ್ಯಾಂಕಿನ ವೆಬ್‌ಸೈಟ್ ತೆರೆಯುವ ಕೋಣೆಯಲ್ಲಿ ಇಂಥದ್ದು ಒಂದು ದಿನವೂ ಇರಕೂಡದು. ಇದರ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಆ ಕಸವೂ ಜೊತೆಗೇ ಬರಬಹುದು. ಹಾಗಾಗಿ ನಾಲ್ಕಕ್ಕೂ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವ ತೀರ್ಮಾನ.

ಸಮಾಧಾನದ ಸಂಗತಿ ಎಂದರೆ ಮೂರು ಯಂತ್ರಗಳ ಫರ್ಮ್‌ವೇರ್‌ನಲ್ಲಿ ಪ್ರೊ ಕೀ ಇತ್ತು. ಅದು ಮದರ್‌ಬೋರ್ಡಿಗೆ ಅಂಟಿದ ಓಇಎಂ ಕೀ. ಹಳೆಯ ಕಂಪನಿ ಮೇಲೆ ಎಂಟರ್‌ಪ್ರೈಸ್ ಹಾಕಿಕೊಂಡಿದ್ದರೂ ತಳದ ಈ ಲೈಸೆನ್ಸ್ ಯಂತ್ರದ ಜೊತೆಗೇ ಸಾಗುತ್ತದೆ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಎಫ್12 ಒತ್ತಿ ಯುಇಎಫ್ಐ (ಹೊಸ ಬಗೆಯ ಬೂಟ್ ವಿಧಾನ) ಆಯ್ಕೆಯಿಂದಲೇ ಬೂಟ್ ಮಾಡಿ, ಎಲ್ಲ ಪಾರ್ಟಿಶನ್ ಅಳಿಸಿದೆವು. ಸೆಟಪ್ ಕೀ ಕೇಳಲೇ ಇಲ್ಲ, ಪ್ರೊ ಎಂದು ತಾನೇ ಆರಿಸಿಕೊಂಡಿತು. ಇಂಟರ್‌ನೆಟ್ ಸಿಕ್ಕ ಕೂಡಲೇ ಡಿಜಿಟಲ್ ಲೈಸೆನ್ಸ್‌ನೊಂದಿಗೆ, ಅಂದರೆ ಮೈಕ್ರೋಸಾಫ್ಟಿನಲ್ಲಿ ಆ ಯಂತ್ರಕ್ಕೆಂದು ದಾಖಲಾದ ಲೈಸೆನ್ಸಿನೊಂದಿಗೆ, ಆಕ್ಟಿವ್.

ಪೆನ್‌ಡ್ರೈವ್ ವಿಷಯದಲ್ಲಿ ಎಚ್ಚರ ಬೇಕು. ಆಫೀಸಿನ ಪರಿಚಯದವರಿಂದ ತಂದ ಬಿಸಿನೆಸ್ ಎಡಿಶನ್ ಐಎಸ್ಓದಲ್ಲಿ (ವಿಂಡೋಸ್ ಹಾಕುವ ಫೈಲು) ಹೋಮ್ ಇರುವುದೇ ಇಲ್ಲ. ಫರ್ಮ್‌ವೇರ್‌ನಲ್ಲಿ ಹೋಮ್ ಕೀ ಇರುವ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ಹೋದರೆ, ಕೀಗೆ ಹೊಂದುವ ಇಮೇಜ್ ಇಲ್ಲ ಎಂದು ಸೆಟಪ್ ನಿಂತುಬಿಡುತ್ತದೆ. ತಪ್ಪು ಕೀಯದಲ್ಲ, ಐಎಸ್ಓದ್ದು.

ನಾಲ್ಕನೆಯ ಆಪ್ಟಿಪ್ಲೆಕ್ಸ್‌ಗೆ ಪವರ್‌ಶೆಲ್ ಕೊಟ್ಟದ್ದು ಖಾಲಿ ಸಾಲು. ವಿಂಡೋಸ್ ಇಲ್ಲದೆ ಮಾರಾಟವಾದ ಯಂತ್ರಗಳೂ ಇರುತ್ತವೆ. ಅಂಗಡಿಯವರು ಕೆಲವು ನೂರು ರೂಪಾಯಿಗೆ ಕೀ ಕೊಡುತ್ತೇವೆ ಎಂದರು. ಅಷ್ಟು ಅಗ್ಗದ ಕೀಗಳು ಹೆಚ್ಚಾಗಿ ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ ಅಥವಾ ಬೇರೆ ಯಂತ್ರದ ಓಇಎಂ ಕೀ. ಮಿತಿ ಮೀರಿದಾಗ 0ಎಕ್ಸ್‌ಸಿ004ಸಿ008 ಬರುತ್ತದೆ. ಇಂದು ನಡೆದರೂ ಮುಂದೆ ಬ್ಲಾಕ್ ಆಗಬಹುದು, ಸಂಘದ ಹೆಸರಿನಲ್ಲಿ ಬಿಲ್ಲೂ ಇರುವುದಿಲ್ಲ. ಈ ಯಂತ್ರಕ್ಕೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ 22 ಹಾಕಿದ್ದೇವೆ, 2029ರ ತನಕ ಅಪ್‌ಡೇಟ್ ಇದೆ, ಕನ್ನಡ ಟೈಪಿಂಗ್ ಐಬಸ್ ಎಂಬ ಟೈಪಿಂಗ್ ಸಲಕರಣೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಮೂರನೇ ಹಂತ: ಬೋರ್ಡ್ ಬದಲಾದ ಯಂತ್ರ

ಅಸೆಂಬಲ್ ಮಾಡಿದ ಡೆಸ್ಕ್‌ಟಾಪಿನ ಹಳೆಯ ಬೋರ್ಡ್ 11ಕ್ಕೆ ಆಗದು. ರೈಜೆನ್ 5 5600ಜಿ ಮತ್ತು ಬಿ550 ಬೋರ್ಡ್ ಹಾಕುವುದೆಂದಾಯಿತು. ಅದರ ಪ್ರೊ ಲೈಸೆನ್ಸ್ ರೀಟೇಲ್, ಆದ್ದರಿಂದ ಹೊಸ ಬೋರ್ಡಿಗೆ ಒಯ್ಯಲು ಹಕ್ಕಿದೆ. ಓಇಎಂ ಆಗಿದ್ದರೆ ಹಳೆಯ ಬೋರ್ಡಿನೊಂದಿಗೇ ಮುಗಿಯುತ್ತಿತ್ತು.

ಇಲ್ಲಿ ಕ್ರಮ ತಪ್ಪಿದರೆ ಗಂಟೆಗಟ್ಟಲೆ ಹೋಗುತ್ತದೆ. ಹಳೆಯ ಬೋರ್ಡ್ ಇನ್ನೂ ಓಡುತ್ತಿರುವಾಗಲೇ ಸಂಘದ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆಗಿ, ಡಿಜಿಟಲ್ ಲೈಸೆನ್ಸ್ ಅಕೌಂಟಿಗೆ ಜೋಡಿಸಿದೆ ಎಂಬ ಸಾಲು ಬಂತೇ ನೋಡಬೇಕು. ಕಂಪ್ಯೂಟರಿನ ಹೆಸರನ್ನೂ ಆಗಲೇ ಬದಲಿಸಬೇಕು, ಏಕೆಂದರೆ ‘ಡೆಸ್ಕ್‌ಟಾಪ್’ ಎಂದು ಶುರುವಾಗುವ ಅರ್ಥವಿಲ್ಲದ ಹೆಸರುಗಳ ಪಟ್ಟಿಯಲ್ಲಿ ಆಮೇಲೆ ನಮ್ಮದನ್ನು ಗುರುತಿಸುವುದು ಕಷ್ಟ. ಡಿಸ್ಕ್ ಹಳೆಯ ಎಂಬಿಆರ್ ವಿಭಜನಾ ಮಾದರಿಯಲ್ಲಿತ್ತು, ಯುಇಎಫ್ಐ ಬೂಟಿಗೆ ಹೊಸ ಜಿಪಿಟಿ ಮಾದರಿ ಬೇಕು. ಎಂಬಿಆರ್2ಜಿಪಿಟಿ ಕಮಾಂಡಿನಿಂದ ಮೊದಲು /ವ್ಯಾಲಿಡೇಟ್, ಆಮೇಲೆ /ಕನ್ವರ್ಟ್, ವಿಂಡೋಸ್ ಒಳಗಿಂದಲೇ ಮಾಡುವುದರಿಂದ ಎರಡಕ್ಕೂ /ಅಲೋಫುಲ್ಓಎಸ್ ಜೊತೆಗೆ. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ಪರಿವರ್ತನೆ ಆದಮೇಲೆ ಯುಇಎಫ್ಐ ಮೋಡಿನಲ್ಲಷ್ಟೇ ಬೂಟ್ ಆಗುತ್ತದೆ. ಹೊಸ ಬೋರ್ಡಿನಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿದೆವು.

ಮೊದಲ ಬೂಟಿನಲ್ಲಿ 0ಎಕ್ಸ್‌ಸಿ004ಎಫ್211 ಬಂತು, ಅಂದರೆ ಹಾರ್ಡ್‌ವೇರ್ ಬದಲಾಗಿದೆ, ಬರಲೇಬೇಕಾದದ್ದು. ಆಕ್ಟಿವೇಶನ್ ಪುಟದ ಟ್ರಬಲ್‌ಶೂಟ್ ಒತ್ತಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬುದನ್ನು ಆರಿಸಿ, ಪಟ್ಟಿಯಲ್ಲಿ ಹಳೆಯ ಹೆಸರಿಗೆ ಗುರುತು ಹಾಕಿದಾಗ ಸರಿಯಾಯಿತು. ಎಡಿಶನ್ ಒಂದೇ ಆಗಿರಬೇಕು: ಪ್ರೊ ಲೈಸೆನ್ಸ್ ಹೋಮನ್ನು ಆಕ್ಟಿವೇಟ್ ಮಾಡುವುದಿಲ್ಲ. ಆಮೇಲಷ್ಟೇ 11ಕ್ಕೆ ಅಪ್‌ಗ್ರೇಡ್.

ಲ್ಯಾಪ್‌ಟಾಪ್ ಮತ್ತು ಹಳೆಯ ಎರಡು

ಸದಸ್ಯರೊಬ್ಬರು ಕೊಟ್ಟ ಲ್ಯಾಪ್‌ಟಾಪ್ ಹೋಮ್ ಸಿಂಗಲ್ ಲ್ಯಾಂಗ್ವೇಜ್. ವಿಂಡೋಸ್ ಅಪ್‌ಡೇಟ್ ಮೂಲಕವೇ 11ಕ್ಕೆ ಹೋಯಿತು, ಎಡಿಶನ್ ಹಾಗೇ ಉಳಿಯಿತು. ಮೆನುಗಳನ್ನು ಕನ್ನಡಕ್ಕೆ ತಿರುಗಿಸಲು ಹೋದರೆ ಈ ಲೈಸೆನ್ಸಿಗೆ ಒಂದೇ ಡಿಸ್‌ಪ್ಲೇ ಭಾಷೆ ಎನ್ನುತ್ತದೆ. ಕೀಬೋರ್ಡಿಗೂ ನುಡಿ ತಂತ್ರಾಂಶಕ್ಕೂ ಇದರಿಂದ ತೊಂದರೆಯಿಲ್ಲ. ಹಳೆಯ ಪತ್ರಗಳು ತುಂಗಾ ಫಾಂಟಿನಲ್ಲಿದ್ದರೆ ಆಪ್ಶನಲ್ ಫೀಚರ್ಸ್‌ನಿಂದ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ, ಇಲ್ಲದಿದ್ದರೆ ಸಾಲು, ಪುಟ ಎಲ್ಲ ಜರುಗುತ್ತವೆ.

ಉಳಿದ ಎರಡು ನಾಲ್ಕನೇ ತಲೆಮಾರಿನವು, ಮೈಮೇಲೆ ವಿಂಡೋಸ್ 7 ಪ್ರೊಫೆಶನಲ್ ಸ್ಟಿಕ್ಕರ್. 2016ರಲ್ಲಿ ಉಚಿತ ಅಪ್‌ಗ್ರೇಡ್ ಪಡೆದ ಕಾರಣ 10ರ ಡಿಜಿಟಲ್ ಲೈಸೆನ್ಸ್ ಗಟ್ಟಿಯಾಗಿದೆ. ಆದರೆ ಸ್ಟಿಕ್ಕರಿನ ಕೀಯಿಂದ ಹೊಸದಾಗಿ ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದೆ. ಅರ್ಹತೆಯ ತಪಾಸಣೆ ತಪ್ಪಿಸಿ ಇವಕ್ಕೂ 11 ಹಾಕಬಹುದು, ಆಕ್ಟಿವ್ ಕೂಡ ಆಗುತ್ತದೆ. ಲೈಸೆನ್ಸ್ ಪ್ರೊಸೆಸರನ್ನು ಕೇಳುವುದಿಲ್ಲ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ಮೈಕ್ರೋಸಾಫ್ಟಿಗಿಲ್ಲ. ಇವೂ ಮಿಂಟಿಗೆ ಹೋಗುತ್ತಿವೆ.

ಮನೆಯಲ್ಲಿ ಇಂಥ ಯಂತ್ರ ಇಟ್ಟುಕೊಂಡ ಸದಸ್ಯರಿಗೆ ವಿಂಡೋಸ್ 10ರ ಇಎಸ್‌ಯು (ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ) ಇದೆ: 22ಎಚ್2 ಆವೃತ್ತಿ, ಮೈಕ್ರೋಸಾಫ್ಟ್ ಅಕೌಂಟ್, ವಿಂಡೋಸ್ ಬ್ಯಾಕಪ್‌ನ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದರೆ ಹಣವಿಲ್ಲದೆ 2026ರ ಅಕ್ಟೋಬರ್ 13ರ ವರೆಗೆ ಭದ್ರತಾ ಅಪ್‌ಡೇಟ್. ಒಂದು ನೋಂದಣಿ ಹತ್ತು ಯಂತ್ರಗಳಿಗೆ ಸಾಕು. ವಾಚನಾಲಯಕ್ಕೆ ಬರುವವರು /ಡಿಎಲ್‌ವಿ ಪೆಟ್ಟಿಗೆಯ ಫೋಟೋ ತಂದರೆ ಅವರ ಲೈಸೆನ್ಸ್ ಯಾವ ಬಗೆಯದೆಂದು ನೋಡಿ ಹೇಳುತ್ತೇವೆ. ಕೀ ಪೂರ್ತಿ ಕಾಣುವ ಫೋಟೋ ಮಾತ್ರ ಗ್ರೂಪಿಗೆ ಹಾಕಬೇಡಿ.