ಗೇರ್ ನಾಬ್ ಬದಲಾಯಿಸೋರು ಮೊದಲು ಥ್ರೆಡ್ ಅಳೆಯಿರಿ

ಫೋಟೋದಲ್ಲಿ ಮಿರಮಿರ ಮಿಂಚುವ ಗೇರ್ ನಾಬ್, ಕೆಳಗೆ 'ಯೂನಿವರ್ಸಲ್ ಫಿಟ್' ಅನ್ನೋ ಸಾಲು. ಇಷ್ಟು ನೋಡಿ ಆರ್ಡರ್ ಹಾಕೋರೇ ಜಾಸ್ತಿ. ಹಾಗೆ ಬಂದ ನಾಬ್ ಮೂರು ತಿಂಗಳಲ್ಲಿ ಲೊಡಲೊಡ ಅಂತ ತಿರುಗತೊಡಗುತ್ತೆ, ಇಲ್ಲವೇ ರಿವರ್ಸ್ ಗೇರೇ ಬೀಳಲ್ಲ. ಬಣ್ಣ, ಆಕಾರ ಎಲ್ಲ ಕೊನೆಗೆ ಇರಲಿ. ಲಿವರಿನ ಮೇಲೆ ನಾಬ್ ಕೂರೋದು ಹೇಗೆ, ರಿವರ್ಸ್ ಹಾಕೋದು ಹೇಗೆ ಅನ್ನೋದು ಮೊದಲು ತಿಳಿದಿರಬೇಕು.

ಥ್ರೆಡ್, ಅಂದರೆ ಸ್ಕ್ರೂನಂಥ ಸುತ್ತು ಎಳೆ, ಇರೋ ಲಿವರ್ ಆದರೆ ಕೆಲಸ ಸುಲಭ. ಹೋಂಡಾ ಕಾರುಗಳಲ್ಲಿ ಸಾಮಾನ್ಯವಾಗಿ ಎಂ10 × 1.5, ಟೊಯೋಟಾದಲ್ಲಿ ಎಂ12 × 1.25, ಮಜ್ದಾದಲ್ಲಿ ಎಂ10 × 1.25. ಮೊದಲ ಸಂಖ್ಯೆ ಲಿವರಿನ ದಪ್ಪ, ಎರಡನೆಯದು ಒಂದು ಎಳೆಯಿಂದ ಇನ್ನೊಂದು ಎಳೆಗಿರುವ ಅಂತರ, ಎರಡೂ ಮಿಲಿಮೀಟರಿನಲ್ಲಿ. ಆದರೂ ಪಟ್ಟಿ ನಂಬಿ ಕೊಳ್ಳಬೇಡಿ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲಿ ಬೇರೆ ಬೇರೆ ಇರಬಹುದು. ಹಳೇ ನಾಬ್ ಬಿಚ್ಚಿ ವರ್ನಿಯರ್ (ದಪ್ಪ ಅಳೆಯೋ ಸಾಧನ) ಇಟ್ಟು ನೋಡಿ. 9.7ರಿಂದ 9.9 ಮಿ.ಮೀ. ತೋರಿಸಿದರೆ ಎಂ10, 11.7ರಿಂದ 11.9 ಬಂದರೆ ಎಂ12. ಎಳೆಗಳ ಅಂತರಕ್ಕೆ ಒಂದೊಂದನ್ನೇ ಅಳೆಯೋಕೆ ಹೋಗಬೇಡಿ. ಹತ್ತು ಅಂತರಗಳನ್ನು ಒಟ್ಟಿಗೆ ಅಳೆಯಿರಿ: 12.5 ಮಿ.ಮೀ. ಬಂದರೆ 1.25, 15 ಬಂದರೆ 1.5.

ವರ್ನಿಯರ್ ಇಲ್ಲದವರಿಗೆ ನಟ್ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ '10 ಎಂಎಂ ನಟ್' ಅಂದರೆ ಕೊಡೋದು 1.5 ಅಂತರದ್ದೇ. ಅದು ಬೆರಳಲ್ಲೇ ಕೊನೇವರೆಗೂ ಸಲೀಸಾಗಿ ಇಳಿದರೆ ನಿಮ್ಮ ಲಿವರ್ ಎಂ10 × 1.5. ಎರಡು ಸುತ್ತು ಹೋಗಿ ಬಿಗಿಯಾಯ್ತಾ? ಅಲ್ಲೇ ನಿಲ್ಲಿಸಿ, ಅದು 1.25 ಇರಬೇಕು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎಳೆ ಕಚ್ಚಿಕೊಂಡು ಹಾಳಾಗುತ್ತೆ, ಲಿವರ್ ಬದಲಿಸೋ ಖರ್ಚಿನ ಮುಂದೆ ನಾಬಿನ ಬೆಲೆ ಏನೇನೂ ಅಲ್ಲ. 12 ಎಂಎಂನಲ್ಲಿ ಮಾತ್ರ ಹಾರ್ಡ್‌ವೇರ್ ಅಂಗಡಿಯ ನಟ್ ಉಪಯೋಗಕ್ಕೆ ಬರಲ್ಲ, ಅದು 1.75 ಅಂತರದ್ದು. 1.25 ಬೇಕಾದರೆ ಆಟೊ ಸ್ಪೇರ್ಸ್ ಅಂಗಡಿಗೇ ಹೋಗಬೇಕು. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದೇ ಇದೆ.

ಇನ್ನು 'ಯೂನಿವರ್ಸಲ್' ನಾಬ್‌ಗಳ ವಿಷಯ. ಅದರೊಳಗೆ ಥ್ರೆಡ್ಡೇ ಇರಲ್ಲ. ಎರಡು ಮೂರು ಅಳತೆಯ ಪ್ಲಾಸ್ಟಿಕ್ ಕೊಳವೆಗಳನ್ನು ಕೊಟ್ಟಿರುತ್ತಾರೆ, ಅದನ್ನು ಲಿವರಿಗೆ ತೊಡಿಸಿ, ಪಕ್ಕದಿಂದ ಮೂರು ಪುಟ್ಟ ಗ್ರಬ್ ಸ್ಕ್ರೂಗಳನ್ನು (ತಲೆಯಿಲ್ಲದ ಸ್ಕ್ರೂ) ಅಲೆನ್ ಕೀಯಿಂದ ಬಿಗಿಯಬೇಕು. ಸ್ಕ್ರೂ ಕಚ್ಚೋದು ಪ್ಲಾಸ್ಟಿಕ್ಕನ್ನೇ ಹೊರತು ಲಿವರನ್ನಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ ಮೆತ್ತಗಾಗಿ ಒತ್ತಿಕೊಳ್ಳುತ್ತೆ, ಸ್ಕ್ರೂ ಸಡಿಲವಾಗುತ್ತೆ. ಮತ್ತೆ ಬಿಗಿ, ಮತ್ತೆ ಸಡಿಲ. ನಿಮ್ಮ ಲಿವರಿಗೆ ಥ್ರೆಡ್ ಇದ್ದರೆ ಇದರ ಸಹವಾಸ ಬೇಡವೇ ಬೇಡ. ಥ್ರೆಡ್ ಅಡಾಪ್ಟರ್ ಸಮೇತ ಬರೋ ನಾಬ್ ತಗೊಳ್ಳಿ.

ರಿವರ್ಸ್ ವಿಚಾರಕ್ಕೆ ಬಂದರೆ, ಹ್ಯುಂಡೈ, ಟಾಟಾ, ರೆನೋ ಕಾರುಗಳಲ್ಲಿ ಬಹಳಷ್ಟಕ್ಕೆ ನಾಬಿನ ಕೆಳಗೊಂದು ರಿಂಗ್ ಇರುತ್ತೆ. ಅದನ್ನು ಬೆರಳಿಂದ ಮೇಲಕ್ಕೆಳೆದರೆ ಮಾತ್ರ ರಿವರ್ಸ್ ಬೀಳೋದು. ಹೊಸ ನಾಬ್ ಆ ರಿಂಗಿನ ಮೇಲೇ ಬಂದು ಕೂತರೆ ಎಳೆಯೋಕೆ ಜಾಗ ಉಳಿಯಲ್ಲ. ಹಳೇ ನಾಬ್ ಇರುವಾಗಲೇ ರಿಂಗ್ ಎಷ್ಟು ಮೇಲೇಳುತ್ತೆ ಅಂತ ಸ್ಕೇಲಿಟ್ಟು ಅಳೆದು ಬರೆದಿಟ್ಟುಕೊಳ್ಳಿ. ಹೊಸದರ ಬುಡಕ್ಕೂ ರಿಂಗಿಗೂ ನಡುವೆ ಅದಕ್ಕಿಂತ ನಾಲ್ಕೈದು ಮಿ.ಮೀ. ಹೆಚ್ಚೇ ಇರಲಿ. ಕೆಲವು ಕಾರುಗಳಲ್ಲಿ ರಿಂಗ್ ಮತ್ತು ನಾಬ್ ಒಂದೇ ಜೋಡಣೆಯಾಗಿರುತ್ತೆ, ಅಂಥವಕ್ಕೆ ಆ ಮಾಡೆಲ್‌ಗೆಂದೇ ಮಾಡಿದ ನಾಬ್ ಸಿಗದಿದ್ದರೆ ಆಸೆ ಬಿಡೋದೇ ಒಳ್ಳೇದು.

ಫೋಕ್ಸ್‌ವ್ಯಾಗನ್ ಪೋಲೊ, ಸ್ಕೋಡಾ ರ‍್ಯಾಪಿಡ್ ಥರದ ಕಾರುಗಳಲ್ಲಿ ಲಿವರನ್ನು ಕೆಳಗೊತ್ತಿ ರಿವರ್ಸ್ ಹಾಕೋದರಿಂದ ರಿಂಗಿನ ತಾಪತ್ರಯವಿಲ್ಲ. ಆದರೆ ಅಲ್ಲಿ ಥ್ರೆಡ್ಡೂ ಇಲ್ಲ. ನಾಬೂ ಗೇರ್ ಬೂಟೂ ಅಂದರೆ ಲಿವರಿನ ಬುಡ ಮುಚ್ಚೋ ಲೆದರ್ ಕವರೂ ಸೇರಿ ಒಂದೇ ಪೀಸು, ಒಳಗೆ ಲೋಹದ ಕ್ಲ್ಯಾಂಪ್ ಹಿಡಿದಿರುತ್ತೆ. ಆ ಕ್ಲ್ಯಾಂಪ್ ಒಂದೇ ಸಲಕ್ಕೆ. ಕತ್ತರಿಸಿ ತೆಗೆದ ಮೇಲೆ ಹೊಸದೇ ಹಾಕಬೇಕು.

ಈಗ ತೂಕ. ಇದರ ಬಗ್ಗೆ ವಾದ ಮುಗಿಯೋದೇ ಇಲ್ಲ, ಆದರೆ ಲೆಕ್ಕ ಸರಳ. 50 ಮಿ.ಮೀ. ವ್ಯಾಸದ ಗುಂಡಗಿನ ನಾಬಿನ ಗಾತ್ರ ಸುಮಾರು 65 ಸಿ.ಸಿ. ಅದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರೆ ತೂತು ಕಳೆದು ಅರ್ಧ ಕೆ.ಜಿ. ಆಸುಪಾಸು, ಅಲ್ಯೂಮಿನಿಯಂನಲ್ಲಿ 170 ಗ್ರಾಂ, ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ 90 ಗ್ರಾಂ. ಭಾರದ ನಾಬ್ ಒಮ್ಮೆ ಚಲಿಸಿತೆಂದರೆ ಆ ವೇಗದಲ್ಲೇ ಸಿಂಕ್ರೊನೈಸರ್ (ಗೇರ್‌ಬಾಕ್ಸಿನೊಳಗೆ ಗೇರ್‌ಗಳ ವೇಗ ಹೊಂದಿಸೋ ಭಾಗ) ಒಡ್ಡುವ ಸಣ್ಣ ತಡೆಯನ್ನು ದಾಟಿಬಿಡುತ್ತೆ, ಕೈಗೆ ನುಣುಪಾಗಿ ಬಿದ್ದಂತೆ ಅನಿಸುತ್ತೆ. ಹಗುರದ್ದರಲ್ಲಿ ಪ್ರತಿ ತಡೆಯೂ ಅಂಗೈಗೆ ಗೊತ್ತಾಗುತ್ತೆ. ಹೋಂಡಾ 2020ರ ಸಿವಿಕ್ ಟೈಪ್ ಆರ್‌ನಲ್ಲಿ ಗುಂಡಗಿನ ನಾಬ್ ತೆಗೆದು, ಒಳಗೆ 90 ಗ್ರಾಂ ತೂಕ ಸೇರಿಸಿದ ಹನಿಯಾಕಾರದ ಅಲ್ಯೂಮಿನಿಯಂ ನಾಬ್ ಕೊಟ್ಟಿದ್ದು ಇದೇ ಕಾರಣಕ್ಕೆ. ಅರ್ಧ ಕೆ.ಜಿ.ಯದ್ದು ನನ್ನ ಪ್ರಕಾರ ದಿನಬಳಕೆಯ ಕಾರಿಗೆ ಅತಿಯಾಯ್ತು. ಗೇರ್ ಕೇಬಲ್‌ಗಳ ತುದಿಯ ಬುಶ್‌ಗಳು (ಸಣ್ಣ ಬಳೆಗಳು) ಸವೆದಿದ್ದರೆ ಹಂಪ್ ಮೇಲೆ ಲಿವರ್ ತೂಗಾಡುತ್ತೆ. 200ರಿಂದ 300 ಗ್ರಾಂ ಹದ.

ಎರಡನೇ ಗೇರ್ ಕರಕರ ಅಂತಿದ್ದರೆ, ರಿವರ್ಸ್ ಬೀಳುವಾಗ ಕಿರ್ ಅಂದರೆ, ಅದು ಕ್ಲಚ್ ಪೂರ್ತಿ ಬಿಡದ್ದೋ ಸಿಂಕ್ರೊ ಸವೆದದ್ದೋ ಆಗಿರುತ್ತೆ. ಅದಕ್ಕೆ ಭಾರದ ನಾಬ್ ಹಾಕೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಎತ್ತರವೂ ಗೇರ್ ಹಾಕುವ ರೀತಿಯನ್ನು ಬದಲಿಸುತ್ತೆ. ಲಿವರ್ ಆಡುವ ತಿರುಗಣಿಯಿಂದ ನಾಬಿನ ನಡುವಿಗೆ 25 ಸೆಂ.ಮೀ. ಇದೆ ಅಂದುಕೊಳ್ಳಿ. ಹೊಸ ನಾಬ್ ಎರಡೂವರೆ ಸೆಂ.ಮೀ. ಕೆಳಗೆ ಕೂತರೆ ಕೈ ಓಡಾಡೋ ದೂರ ಶೇ. 10 ಕಡಿಮೆ, ಹಾಕಬೇಕಾದ ಬಲ ಶೇ. 11 ಜಾಸ್ತಿ. ಎತ್ತರದ ನಾಬ್ ಆದರೆ ಇದೇ ಉಲ್ಟಾ. ಸ್ಟಿಯರಿಂಗಿಗೆ ಹತ್ತಿರವಾಗುತ್ತೆ, ಗೇರ್ ಹಗುರ, ಕೈ ಮಾತ್ರ ದೂರ ಹೋಗಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು-ಎರಡು-ಒಂದು ಅಂತ ಆಡಿಸೋರಿಗೆ ಎತ್ತರದ್ದೇ ಆರಾಮ.

ಕಲಬುರಗಿ, ರಾಯಚೂರು ಕಡೆಯವರು ಬರೀ ಲೋಹದ ನಾಬ್ ತಗೊಳ್ಳೋ ಮುಂಚೆ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಮುಟ್ಟೋಕಾಗಲ್ಲ. ಡೆಲ್ರಿನ್ ಕೂಡ ಬಿಸಿಯಾಗುತ್ತೆ, ಆದರೆ ಆ ಬಿಸಿಯನ್ನು ಲೋಹದಷ್ಟು ಬೇಗ ಕೈಗೆ ದಾಟಿಸಲ್ಲ. ಭಾರವೂ ಬೇಕು ಅನ್ನೋರಿಗೆ, ಒಳಗೆ ಸ್ಟೀಲ್ ಗಟ್ಟಿ, ಹೊರಗೆ ಲೆದರ್ ಅಥವಾ ಡೆಲ್ರಿನ್ ಹೊದಿಸಿದವು ಸಿಗುತ್ತವೆ.

ಬಿಚ್ಚೋ ಕೆಲಸ. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಬೂಟಿನ ಮೇಲ್ತುದಿ ನಾಬಿನ ಬುಡಕ್ಕೆ ಸಿಕ್ಕಿಕೊಂಡಿರುತ್ತೆ, ಅದನ್ನು ಮೊದಲು ಕೆಳಗೆಳೆದು ಬಿಡಿಸಿ, ಇಲ್ಲದಿದ್ದರೆ ನಾಬಿನ ಜೊತೆ ಬೂಟೂ ತಿರುಚಿಕೊಂಡು ಹೊಲಿಗೆ ಕಿತ್ತುಬರುತ್ತೆ. ಆಮೇಲೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಬರಲಿಲ್ಲವಾ, ಹೇರ್ ಡ್ರೈಯರಿನಿಂದ ಐದು ನಿಮಿಷ ಬಿಸಿ ಮಾಡಿ, ರಬ್ಬರ್ ಗ್ಲೌಸ್ ಹಾಕಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಲಿವರನ್ನು ಬಿಗಿಯಾಗಿ ಹಿಡಿದಿರಲೇಬೇಕು, ತಿರುಚುವ ಬಲವೆಲ್ಲ ಕೆಳಗಿನ ಪ್ಲಾಸ್ಟಿಕ್ ಜೋಡಣೆಗೆ ಹೋಗಬಾರದು. ಮೇಲಕ್ಕೆ ಎಳೆದು ತೆಗೆಯೋ ಜಾತಿಯ ನಾಬ್ ಆದರೆ ಮುಖ ಪಕ್ಕಕ್ಕಿರಲಿ. ಅದು ತಟ್ಟನೆ ಕಿತ್ತು ಬಂದು ನೇರ ಗದ್ದಕ್ಕೇ ಬಡಿಯೋದು.

ಹೊಸ ನಾಬ್ ಹಾಕುವಾಗ ಅದು ಸಡಿಲವಾಗದಂತೆ ಹಿಡಿಯೋಕೆ ಕೆಳಗೊಂದು ತೆಳು ಲಾಕ್ ನಟ್ ಬೇಕು. ಲಿವರಿಗೆ ಮೊದಲು ನಟ್ ಇಳಿಸಿ ಪೂರ್ತಿ ಕೆಳಗೆ ಬಿಡಿ. ನಾಬನ್ನು ಕೊನೇವರೆಗೆ ತಿರುಗಿಸಿ, ಗೇರಿನ ಚಿತ್ರ ನೆಟ್ಟಗೆ ನಿಮ್ಮ ಕಡೆ ಬರೋವರೆಗೆ ಹಿಂದಕ್ಕೆ ತನ್ನಿ. ಒಂದು ಸುತ್ತಿಗಿಂತ ಹೆಚ್ಚು ಬೇಕಾಗಲ್ಲ. ಈಗ ಎಡಗೈಯಲ್ಲಿ ನಾಬ್ ಅಲುಗಾಡದಂತೆ ಹಿಡಿದು, ನಟ್ಟನ್ನು ಮೇಲಕ್ಕೆ ತಂದು ನಾಬಿನ ಬುಡಕ್ಕೆ ಒತ್ತಿ ಸ್ಪ್ಯಾನರಿನಿಂದ ಬಿಗಿಯಿರಿ. ಎಳೆಗಳು ಕಚ್ಚಿಕೊಂಡಿರೋ ಉದ್ದ ಅಲ್ಯೂಮಿನಿಯಂಗೆ ಕನಿಷ್ಠ 10 ಮಿ.ಮೀ., ಡೆಲ್ರಿನ್ನಿಗೆ 15 ಇರಲಿ, ಕಡಿಮೆಯಾದರೆ ಎಳೆ ಹರಿದುಹೋಗುತ್ತೆ.

ಲಾಕ್ ನಟ್‌ಗೆ ಜಾಗವಿಲ್ಲದಿದ್ದರೆ ನೀಲಿ ಥ್ರೆಡ್‌ಲಾಕರ್ (ಎಳೆಗಳನ್ನು ಹಿಡಿದಿಡೋ ಅಂಟು), ಒಂದೇ ಹನಿ. ಲಿವರನ್ನು ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಜಿಡ್ಡು ತೆಗೆಯಿರಿ. ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬೇಕು. ಕೆಂಪು ಬೇಡ, ಅದನ್ನು ಬಿಚ್ಚಲು ಜೋರು ಬಿಸಿ ಕೊಡಬೇಕಾಗುತ್ತೆ. ನಾಬಿನೊಳಗಿನ ಎಳೆ ಲೋಹದ್ದಲ್ಲದಿದ್ದರೆ ನೀಲಿಯೂ ಬೇಡ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರುಕು ಬಿಡುತ್ತವೆ. ಅಂಥದ್ದಕ್ಕೆ ಪ್ಲಂಬರ್‌ಗಳ ಟೆಫ್ಲಾನ್ ಟೇಪನ್ನು, ನಾಬ್ ಬಿಗಿಯೋ ದಿಕ್ಕಿನಲ್ಲೇ ಎರಡು ಸುತ್ತು ಸುತ್ತಿ. ಲೊಡಲೊಡ ಸದ್ದಿಗೂ ಅದೇ ಮದ್ದು.

ಬೂಟ್ ಹಿಡಿಯೋ ಜಾಗ ಹೊಸ ನಾಬಿನಲ್ಲಿ ಇರೋದು ಅಪರೂಪ. ಬೂಟನ್ನು ಒಳಹೊರಗು ಮಾಡಿ ಮೇಲಕ್ಕೆ ಸರಿಸಿ, ತುದಿಯಿಂದ ಅರ್ಧ ಸೆಂ.ಮೀ. ಬಿಟ್ಟು ಲಿವರಿಗೆ ಸೇರಿಸಿ ಒಂದು ಕೇಬಲ್ ಟೈ ಬಿಗಿದು, ಬಾಲ ಕತ್ತರಿಸಿ, ಮತ್ತೆ ಬೂಟನ್ನು ಕೆಳಗೆ ಮಗುಚಿ. ಟೈ ಒಳಗೆ ಅಡಗುತ್ತೆ. ರಿಂಗ್ ಇರೋ ಕಾರಾದರೆ ಟೈ ರಿಂಗಿಗೆ ತಾಗಬಾರದು.

ಆಮೇಲೆ ಇಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ನೋಡಿ. ಒಂದು, ಮೂರು, ಐದರಲ್ಲಿ ಬೆರಳ ಗಿಣ್ಣು ಎ.ಸಿ. ಸ್ವಿಚ್ಚಿಗೆ ತಾಗುತ್ತಾ, ಎರಡು, ನಾಲ್ಕರಲ್ಲಿ ಬೂಟ್ ಎಳೆದಂತಾಗಿ ಲಿವರ್ ನ್ಯೂಟ್ರಲ್ ಕಡೆಗೆ ಜಗ್ಗುತ್ತಾ ಗಮನಿಸಿ. ಹಾಗೆ ಜಗ್ಗಿದರೆ ಓಡಿಸುವಾಗ ಗೇರ್ ತಾನೇ ಕಳಚಿಕೊಳ್ಳಬಹುದು. ಕೇಬಲ್ ಟೈ ಬಿಚ್ಚಿ ಎರಡು ಸೆಂ.ಮೀ. ಕೆಳಗೆ ಕಟ್ಟಿ. ವಾರದ ನಂತರ ಲಾಕ್ ನಟ್ಟನ್ನು ಮತ್ತೊಮ್ಮೆ ಬಿಗಿದು ನೋಡಿ. ಹಳೇ ನಾಬ್ ಎಸೆಯಬೇಡಿ, ಬೂಟ್ ಹಿಡಿಯೋ ಪುಟ್ಟ ಕ್ಲಿಪ್ ಬಿಡಿಯಾಗಿ ಸಿಗದ ಕಾರುಗಳೇ ಹೆಚ್ಚು.