ಇರ್ಕುತ್ಸ್ಕಿನ ರೈತ ರಾಜಕುಮಾರ

ಬೈಕಲ್ ಸರೋವರದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸೈಬೀರಿಯಾದ ಇರ್ಕುತ್ಸ್ಕ್ ಊರೊಳಗಿನ ಎರಡಂತಸ್ತಿನ ಮರದ ಮನೆ. ಸೆರ್ಗೇಯ್ ವೋಲ್ಕೋನ್ಸ್ಕಿ ಇದ್ದ ಮನೆ, ಈಗ ಮ್ಯೂಸಿಯಂ.

ವೋಲ್ಕೋನ್ಸ್ಕಿ ರಾಜಕುಮಾರ ಎಂಬ ಪದವಿಯಿದ್ದ ರಷ್ಯಾದ ಶ್ರೀಮಂತ, ನೆಪೋಲಿಯನ್ ವಿರುದ್ಧ ಕಾದಾಡಿದ ಮೇಜರ್ ಜನರಲ್. ಸೈನ್ಯದೊಂದಿಗೆ ಪ್ಯಾರಿಸ್ ತನಕ ಹೋಗಿಬಂದ ಹಲವು ಅಧಿಕಾರಿಗಳಿಗೆ ತಮ್ಮ ದೇಶದ ಜೀತಪದ್ಧತಿ ಸಹಿಸಲಾಗಲಿಲ್ಲ. 1816ರಲ್ಲೇ ಗುಪ್ತ ಸಂಘ ಕಟ್ಟಿದರು. ಜೀತ ಹೋಗಬೇಕು, ರಷ್ಯಾದ ಚಕ್ರವರ್ತಿ ಝಾರ್‌ಗೆ ಸಂವಿಧಾನದ ಕಡಿವಾಣ ಬೀಳಬೇಕು ಅಂದರು. ಅವರಲ್ಲಿ ಪೆಸ್ತೆಲ್ ಎಂಬ ಮುಂದಾಳಿನಂಥವರು ಗಣರಾಜ್ಯವನ್ನೇ ಕೇಳಿದರು. ಹಳೆಯ ಪಂಚಾಂಗದ ಪ್ರಕಾರ 1825ರ ಡಿಸೆಂಬರ್ 14ರಂದು ಪೀಟರ್ಸ್‌ಬರ್ಗಿನ ಸೆನೆಟ್ ಚೌಕದಲ್ಲಿ ಸುಮಾರು 3,000 ಸೈನಿಕರು ಹೊಸ ಝಾರ್ ನಿಕೊಲಸ್‌ಗೆ ತಿರುಗಿ ನಿಂತರು. ಕತ್ತಲಾಗುವಷ್ಟರಲ್ಲಿ ಝಾರ್ ಕಡೆಯವರು ಫಿರಂಗಿ ಹಾರಿಸಿ ಅವರನ್ನು ಚದುರಿಸಿದರು. ಐವರಿಗೆ ನೇಣಾಯಿತು. ವೋಲ್ಕೋನ್ಸ್ಕಿ ದಕ್ಷಿಣದ ಗುಪ್ತ ಸಂಘದವನು, ಆ ದಿನ ಚೌಕದಲ್ಲಿ ಇರಲೇ ಇಲ್ಲ. ಆದರೂ ಸೈಬೀರಿಯಾದ ಗಣಿಗೆ ಹೋದ.

ಮೇಲಿನ ಕೋಣೆಗಳಲ್ಲಿ ನಿಧಾನವಾಗಿ ಓಡಾಡಿದೆ. ಹೆಂಡತಿ ಮರಿಯಾ ಎಳೆಗೂಸನ್ನು ಬಿಟ್ಟು ಬ್ಲಗೋದಾತ್ಸ್ಕ್ ಗಣಿಗೆ ಬಂದವಳು. ಗಂಡನನ್ನು ತಬ್ಬಿಕೊಳ್ಳುವ ಮೊದಲು ಮಂಡಿಯೂರಿ ಅವನ ಸಂಕೋಲೆಗೆ ಮುತ್ತಿಟ್ಟಳು. ಅದನ್ನು ನೆನೆದು ನನಗೆ ಗಂಟಲು ಕಟ್ಟಿತು. ಕಾವಲಿಗಿದ್ದ ಹೆಂಗಸು ಇದನ್ನು ಗಮನಿಸಿ, ಫೋನಿನ ಅನುವಾದ ಹಿಡಿದುಕೊಂಡೇ, "ಎಲ್ಲರೂ ಇಲ್ಲೇ ಅಳುತ್ತಾರೆ. ಅಂಗಳಕ್ಕೆ ಬನ್ನಿ" ಅಂದಳು.

ಅಂಗಳದಲ್ಲಿ ಅವಳು ಹೇಳಿದ್ದೆಲ್ಲ ರಾಜಕುಮಾರನ ಬೇಸಾಯದ ಕತೆ. ಗಣಿಯ ಶಿಕ್ಷೆ ಮುಗಿದ ಮೇಲೆ ಆತ ಹೊಲ ಹಿಡಿದ. ಸಂತೆಯ ದಿನ ರೈತರ ಗಾಡಿಯ ಮೇಲೆ ಕೂತು, ಬೆಳೆ ಬೆಲೆ ಮಾತಾಡುತ್ತಾ ಅವರ ಜೊತೆ ಬ್ರೆಡ್ ಮುರಿದು ತಿನ್ನುತ್ತಿದ್ದ. ಹೆಂಡತಿಯ ಅತಿಥಿಗಳು ಕೂತಿದ್ದಾಗಲೂ ಗಡ್ಡದಲ್ಲಿ ಹುಲ್ಲಿನ ಎಸಳು, ಬಟ್ಟೆಗೆ ಕೀಲೆಣ್ಣೆ ಮೆತ್ತಿಕೊಂಡೇ ಒಳಗೆ ಬರುತ್ತಿದ್ದನಂತೆ.

"ಮನೆಯವರಿಗೆ ಮುಜುಗರ ಆಗಲಿಲ್ಲವಾ?"

"ಊರಿನ ದೊಡ್ಡವರಿಗೆ ಆಯಿತು. ಜೀತ ಬಿಡಿಸುತ್ತೇನೆ ಅಂದವನು ರೈತನ ಪಕ್ಕ ಕೂರದೆ ಇನ್ನೆಲ್ಲಿ ಕೂರಬೇಕು?"

ಸೈಬೀರಿಯಾದಲ್ಲಿ ಜಮೀನ್ದಾರರ ಜೀತ ಹೆಚ್ಚುಕಡಿಮೆ ಇರಲೇ ಇಲ್ಲ. ತಾನು ಬಯಸಿದ್ದ ಒಡೆಯನಿಲ್ಲದ ರೈತನನ್ನು ಆತ ಗಡೀಪಾರಿನಲ್ಲಿ ದಿನಾ ನೋಡಿದ! ಚೌಕದ ದಂಗೆಗಿಂತ ಈ ಅಂಗಳವೇ ನನಗೆ ದೊಡ್ಡದಾಗಿ ಕಂಡಿತು. ಪ್ರವಾಸಿಗರಿಗೆಂದೇ ಸಿಂಗರಿಸಿದ 130ನೇ ಬಡಾವಣೆಯ ಮರದ ಮನೆಗಳು ಇದರ ಮುಂದೆ ಬರೀ ಅಂಗಡಿ ಸಾಲು.

ಹೋಗುವವರು ವಾರದ ರಜೆ ಯಾವತ್ತೆಂದು ಮ್ಯೂಸಿಯಂನವರನ್ನೇ ಕೇಳಿಕೊಳ್ಳಿ. ಹೋಟೆಲಿನವರು ತೆರೆದಿದೆ ಅಂದರು, ಮೊದಲ ಸಲ ಹೋದಾಗ ನನಗೆ ಬೀಗ ಎದುರಾಯಿತು. ಆ ದಿನ ಹಾಳಾದ ಸಿಟ್ಟು ಇನ್ನೂ ಇಳಿದಿಲ್ಲ.

ಕ್ಷಮಾದಾನ ಬಂದದ್ದು 1856ರಲ್ಲಿ. ಮರಿಯಾಳಂತೆ ತನ್ನ ಗಂಡನ ಹಿಂದೆ ಬಂದ ಇನ್ನೊಬ್ಬಳು, ಯೆಕತೆರೀನಾ ತ್ರುಬೆತ್ಸ್ಕಾಯಾ, ಎರಡು ವರ್ಷ ಮೊದಲೇ ತೀರಿಕೊಂಡು ಇಲ್ಲಿನ ಜ್ನಾಮೆನ್ಸ್ಕಿ ಮಠದಲ್ಲಿ ಮಣ್ಣಾಗಿದ್ದಾಳೆ. ವೋಲ್ಕೋನ್ಸ್ಕಿ ಮಾತ್ರ 1865ರ ತನಕ ಬದುಕಿದ್ದ. ರಷ್ಯಾದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಆಗ ಅವನಿಗೆ ಎಪ್ಪತ್ತೆರಡು. ಆ ಸುದ್ದಿ ಕೇಳುವಷ್ಟು ಆಯುಸ್ಸು ಅವನಿಗಿತ್ತಲ್ಲ ಎಂದು ನನಗೆ ತುಂಬಾ ಸಂತೋಷವಾಯಿತು.