ಲೋನಿಗೆ ಶ್ರೀಮಂತರು, ಜೀವನಾಂಶಕ್ಕೆ ಬಡವರು

ರಾಜಾಜಿನಗರದಲ್ಲಿ ನನ್ನದೊಂದು ಪುಟ್ಟ ಟ್ಯಾಕ್ಸ್ ಆಫೀಸು. ಜುಲೈ ಬಂತೆಂದರೆ ಐಟಿ ರಿಟರ್ನ್ಸ್, ವರ್ಷವಿಡೀ ಜಿಎಸ್‌ಟಿ. ಈಚೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಡಿವೋರ್ಸ್ ಕೇಸು ನಡೀತಿರುವವರು ವಕೀಲರು ಕೊಟ್ಟ ಒಂದು ಕಟ್ಟು ಹಾಳೆ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಇದೊಂದು ತುಂಬಿಕೊಡಿ."

ಆಸ್ತಿ-ಸಾಲದ ಅಫಿಡವಿಟ್ ಅದು. 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದರ ನಮೂನೆಯನ್ನೇ ಕೊಟ್ಟು, ಜೀವನಾಂಶದ ಕೇಸಿದ್ದರೆ ಗಂಡ ಹೆಂಡತಿ ಇಬ್ಬರೂ ಹಾಕಬೇಕು ಅಂದಿತು. ಅದಕ್ಕೂ ಮುಂಚೆ "ತಿಂಗಳಿಗೆ ಎರಡು ಲಕ್ಷ ದುಡೀತಾರೆ" ಅಂತ ಅವಳು, "ಇಪ್ಪತ್ತು ಸಾವಿರ ಬಂದ್ರೆ ಹೆಚ್ಚು" ಅಂತ ಅವನು. ನಡುವೆ ಜಡ್ಜು ಅಂದಾಜು ಹಾಕಬೇಕಿತ್ತು.

ಒಬ್ಬ ಇಂಟೀರಿಯರ್ ಕಾಂಟ್ರಾಕ್ಟರ್ ಬಂದಿದ್ದರು. ಹಳೇ ಪರಿಚಯ. ಆದಾಯದ ಜಾಗದಲ್ಲಿ ತಿಂಗಳಿಗೆ 25 ಸಾವಿರ ಅಂತ ಬರೆಯಿರಿ ಅಂದರು. ಮನೆ ಸಾಲ ತಗೊಳ್ಳುವಾಗ ಇದೇ ಕುರ್ಚಿಯಲ್ಲಿ ಕೂತು, "ಆದಾಯ ಎಲ್ಲಾ ಪೂರ್ತಿ ತೋರಿಸಿ ಮೇಡಂ, ಲೋನ್ ಆಗ್ಬೇಕು" ಅಂದಿದ್ದವರು. ಆ ವರ್ಷದ ರಿಟರ್ನ್ಸ್‌ನಲ್ಲಿ 14 ಲಕ್ಷ ಇತ್ತು. ಕಂಪ್ಯೂಟರ್ ಅವರ ಕಡೆ ತಿರುಗಿಸಿದೆ. ಐಟಿ ಇಲಾಖೆಯ ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದಿದೆ, ವರ್ಷದ ಹಣಕಾಸು ಮಾಹಿತಿಯ ಪಟ್ಟಿ. ಎಫ್‌ಡಿ ಬಡ್ಡಿ, ಮ್ಯೂಚುವಲ್ ಫಂಡ್, ಶೇರು, ಗಿರಾಕಿ ಕಂಪನಿ ಕಡಿದ ಟಿಡಿಎಸ್, ಎಲ್ಲಾ ಸಾಲಾಗಿ ಕೂತಿರುತ್ತೆ. ಅವರು ಒಂದೊಂದೇ ಸಾಲು ಓದಿದರು. ಆಮೇಲೆ ಕೇಳಿದ್ದು ಒಂದೇ: "ಇದನ್ನ ಅವಳ ಲಾಯರು ತರಿಸ್ಕೋಬಹುದಾ?" ಕೋರ್ಟು ತರಿಸಿಕೊಳ್ಳಬಹುದು ಅಂದೆ. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಕೇಸೂ ಆಗಬಹುದು. ಕಾರು ಅಮ್ಮನ ಹೆಸರಿಗೆ ಹೋಗಿತ್ತು, ಅದರ ಇಎಂಐ ಮಾತ್ರ ಇವರ ಅಕೌಂಟಿನಿಂದಲೇ. ಬ್ಯಾಂಕ್ ಸ್ಟೇಟ್‌ಮೆಂಟ್ ಯಾರ ಪರವಾಗಿಯೂ ಮಾತಾಡಲ್ಲ.

ಹೆಂಗಸರೇನೂ ಕಮ್ಮಿ ಇಲ್ಲ. ಆದಾಯ 'ಇಲ್ಲ' ಅಂತ ಬರೆಸಲು ಬಂದ ಒಬ್ಬರ ಸ್ಟೇಟ್‌ಮೆಂಟ್ ತುಂಬಾ ಯುಪಿಐ ಜಮೆ. ಸಾಯಂಕಾಲದ ಟ್ಯೂಷನ್ ಫೀಸು. "ಅದು ಮಗಳ ಖರ್ಚಿಗೆ ಅಷ್ಟೇ ಮೇಡಂ" ಅಂದರು. ನಿಜವೇ ಇರಬಹುದು. ಹಾಗಿದ್ದರೆ ಆದಾಯದ ಕಡೆ ಟ್ಯೂಷನ್ ಬರೀರಿ, ಖರ್ಚಿನ ಕಡೆ ಮಗಳ ಸ್ಕೂಲ್ ಫೀಸು ಬರೀರಿ. ಹೆಂಡತಿ ಸ್ವಲ್ಪ ದುಡೀತಾಳೆ ಅಂದ ಮಾತ್ರಕ್ಕೆ ಜೀವನಾಂಶ ತಪ್ಪಲ್ಲ. ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಗೆ ಬಂದರೆ ಉಳಿದ ಮಾತಿಗೂ ಬೆಲೆ ಇರಲ್ಲ.

ಇಬ್ಬರಲ್ಲೂ ಇರುವ ಒಂದು ನಂಬಿಕೆ, ಡಿವೋರ್ಸ್ ಆದರೆ ಅರ್ಧ ಆಸ್ತಿ ಹೆಂಡತಿಗೆ ಅಂತ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. ಫ್ಲ್ಯಾಟು ಕ್ರಯಪತ್ರದಲ್ಲಿ ಯಾರ ಹೆಸರಿಗಿದೆಯೋ ಅವರದ್ದು. 25ನೇ ಸೆಕ್ಷನ್ ಪ್ರಕಾರ ಕಾಯಂ ಜೀವನಾಂಶ ಗೊತ್ತು ಮಾಡುವಾಗ ಇಬ್ಬರ ಆದಾಯ, ಆಸ್ತಿ ಎಲ್ಲಾ ನೋಡುತ್ತಾರೆ, ಅಷ್ಟೇ. ಸಂಬಳದ ಶೇಕಡಾ 25 ಅನ್ನೋದೂ ಹಾಗೇ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಅದು ನ್ಯಾಯವಾದ ಮೊತ್ತ ಅಂದಿತು. ಜನ ಅದನ್ನೇ ಕಾನೂನು ಮಾಡಿಕೊಂಡಿದ್ದಾರೆ. ಒಡವೆ ವಿಷಯ ಮಾತ್ರ ಸ್ಪಷ್ಟ. ತವರಿನವರು ಹಾಕಿದ್ದಿರಲಿ, ಅತ್ತೆ ಮನೆಯವರು ಅವಳಿಗೆ ಅಂತ ಕೊಟ್ಟದ್ದಿರಲಿ, ಸ್ತ್ರೀಧನ ಅವಳದ್ದೇ. ಗಂಡನ ಲಾಕರಿನಲ್ಲಿದ್ದರೂ ಅವಳದ್ದೇ. 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಎಷ್ಟು ಗ್ರಾಂ ಅಂತ ತೋರಿಸೋಕೆ ಬಿಲ್ಲು ಬೇಕು, ಇಲ್ಲವೇ ಮದುವೆ ಆಲ್ಬಂ. ಕಾಸಿನ ಸರ ಕಾಣೋ ಫೋಟೋ ಹುಡುಕುತ್ತಾ ಒಂದು ಮಧ್ಯಾಹ್ನ ಪೂರ್ತಿ ಕಳೆದದ್ದೂ ಇದೆ.

ಬಹಳ ಕೇಸು ಕೊನೆಗೆ ರಾಜಿಗೆ ಬರುತ್ತವೆ. ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಫ್ಯಾಮಿಲಿ ಕೋರ್ಟೂ ಇದೆ, ಮೀಡಿಯೇಷನ್ ಸೆಂಟರೂ ಇದೆ. ಒಪ್ಪಂದ ಆಯಿತೆಂದರೆ ಇಬ್ಬರೂ ಸೇರಿ ಡಿವೋರ್ಸ್ ಕೇಳುವ 13ಬಿ ಅರ್ಜಿ. ಆಮೇಲೆ ಆರು ತಿಂಗಳ ಕಾಯುವಿಕೆ. ಬೇರೆಯಾಗಿ ಬಹಳ ದಿನ ಆಗಿದ್ದು ಎಲ್ಲಾ ತೀರ್ಮಾನ ಆಗಿದ್ದರೆ ಕೋರ್ಟು ಇದನ್ನು ಬಿಡಬಹುದು ಅಂತ 2017ರ ಇನ್ನೊಂದು ತೀರ್ಪು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೊಳ್ಳಬಹುದು. ಅದಕ್ಕೇ ಬುದ್ಧಿವಂತ ವಕೀಲರು ದುಡ್ಡನ್ನು ಎರಡು ಡಿಡಿ ಮಾಡಿಸುತ್ತಾರೆ. ಒಂದು ಮೊದಲು, ಇನ್ನೊಂದು ಕೊನೇ ದಿನ ಕೋರ್ಟ್ ಹಾಲಿನಲ್ಲೇ ಕೈಗೆ.

ನನಗೆ ಸಿಟ್ಟು ಬರೋದು ಈ ಒಪ್ಪಂದಗಳ ಆಸ್ತಿ ಪ್ಯಾರಾ ಓದಿದಾಗ. ಇಬ್ಬರ ಹೆಸರಲ್ಲಿದ್ದ ಒಂದು ಫ್ಲ್ಯಾಟು, ಜಂಟಿ ಸಾಲ. ಒಪ್ಪಂದದಲ್ಲಿ ಇದ್ದದ್ದು ಒಂದೇ ಸಾಲು: 'ಫ್ಲ್ಯಾಟು ಹೆಂಡತಿಗೆ, ಮುಂದಿನ ಕಂತು ಅವಳೇ ಕಟ್ಟತಕ್ಕದ್ದು.' ಡಿಕ್ರಿ ಆಯಿತು. ಅವಳ ಕೆಲಸ ಹೋಯಿತು, ಮೂರು ಕಂತು ಬಾಕಿ ಬಿತ್ತು. ಬ್ಯಾಂಕಿನವರು ಫೋನ್ ಮಾಡಿದ್ದು ಮಾಜಿ ಗಂಡನಿಗೆ. ಅವರ ಸಿಬಿಲ್ ಸ್ಕೋರೂ ಬಿತ್ತು. ಡಿಕ್ರಿ ತೋರಿಸಿದರೆ ಮ್ಯಾನೇಜರು, "ಈ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ವಲ್ಲ ಸಾರ್" ಅಂದರಂತೆ. ಮ್ಯಾನೇಜರು ಹೇಳಿದ್ದರಲ್ಲಿ ತಪ್ಪಿಲ್ಲ.

ಆ ಪ್ಯಾರಾದಲ್ಲಿ ಇನ್ನೂ ನಾಲ್ಕು ಸಾಲು ಬೇಕಿತ್ತು. ಯಾವ ತಾರೀಖಿನೊಳಗೆ ಸಾಲ ಅವಳೊಬ್ಬಳ ಹೆಸರಿಗೆ ಆಗಬೇಕು. ಬ್ಯಾಂಕ್ ಒಪ್ಪದಿದ್ದರೆ ಮಾರುವುದೋ, ಮಾರಿದ ಹಣ ಹೇಗೆ ಹಂಚುವುದೋ. ಹಕ್ಕು ಬಿಡುಗಡೆ ಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಇಬ್ಬರೂ ಯಾವಾಗ ಬರುವುದು. ಅದರ ಖರ್ಚು ಯಾರದ್ದು. ಹಾಗಾಗಿ ಈಗ ಅಫಿಡವಿಟ್ ತುಂಬಿಸಲು ಬಂದವರಿಗೆ ಮೊದಲು ಬ್ಯಾಂಕಿಗೆ ಹೋಗಿ, ಒಬ್ಬರ ಸಂಬಳದ ಮೇಲೆ ಆ ಸಾಲ ನಿಲ್ಲುತ್ತಾ ಅಂತ ಬರವಣಿಗೆಯಲ್ಲಿ ಕೇಳ್ಕೊಂಡು ಬನ್ನಿ ಅನ್ನುತ್ತೇನೆ. ನಿಲ್ಲಲ್ಲ ಅಂದರೆ ಫ್ಲ್ಯಾಟಿನ ಮಾತೇ ಬೇರೆ ಆಗುತ್ತೆ, ಅಲ್ವಾ?